ಓದು ಮದ್ದಾದ ಕತೆ

ನಮ್ಮ ಬೀದರ ಜಿಲ್ಲೆಯ ಔರಾದ, ಭಾಲ್ಕಿ ಕಡೆ ಶ್ರಾವಣ ಬಂತೆಂದರೆ ಗುಡಿಯಲ್ಲೋ ಮಠದಲ್ಲೋ ಪುರಾಣ ಹಚ್ಚುತ್ತಾರೆ. ಒಬ್ಬರು ರಾಗವಾಗಿ ಪದ್ಯ ಓದಿದರೆ ಇನ್ನೊಬ್ಬರು ಅರ್ಥ ಬಿಡಿಸುತ್ತಾರೆ. ಹೊಲದ ಕೆಲಸ ಮುಗಿಸಿ ಬಂದ ಹೆಂಗಸರು ಗೋಡೆಗೆ ಒರಗಿ ಕೂತಿರುತ್ತಾರೆ. ಕತೆಯಲ್ಲಿ ಯಾರದೋ ಮಗ ತೀರಿಕೊಂಡಾಗ ಒಬ್ಬೊಬ್ಬರದೇ ಸೆರಗು ಕಣ್ಣಿಗೆ ಹೋಗುತ್ತದೆ. ಆ ಅಳು ಪುರಾಣದ ಮಗನಿಗೋ ತಮ್ಮ ಮನೆಯ ಸಂಕಟಕ್ಕೋ, ಯಾರೂ ಕೇಳುವುದಿಲ್ಲ. ಎದ್ದು ಹೋಗುವಾಗ ಮುಖ ಹಗುರಾಗಿರುತ್ತದೆ.

ಇಂಥದೇ ಅಳುವೊಂದು ಲಂಡನ್ನಿನಲ್ಲಿ ದಾಖಲಾಗಿದೆ. ಜಾನ್ ಸ್ಟುವರ್ಟ್ ಮಿಲ್ ಈಸ್ಟ್ ಇಂಡಿಯಾ ಕಂಪನಿಯ ನೌಕರ. ಮೂರು ವರ್ಷದ ಕೂಸಿಗೇ ತಂದೆ ಗ್ರೀಕ್ ಕಲಿಸಿದ್ದರು. ತರ್ಕ ಕೊಟ್ಟರು, ಗಣಿತ ಕೊಟ್ಟರು, ಮನಸ್ಸಿಗೆ ಏನನ್ನೂ ಕೊಡಲಿಲ್ಲ. 1826ರಲ್ಲಿ, ಇಪ್ಪತ್ತರ ಪ್ರಾಯದಲ್ಲಿ, ಮಿಲ್‌ಗೆ ಯಾವುದೂ ಬೇಡವಾಯಿತು. ತಿಂಗಳುಗಟ್ಟಲೆ ಹಾಗೇ ಕಳೆದವು. ಒಂದು ದಿನ ಮಾರ್ಮೊಂತೆಲ್ ಎಂಬ ಫ್ರೆಂಚ್ ಲೇಖಕನ ನೆನಪಿನ ಪುಸ್ತಕ ಓದುತ್ತಿದ್ದಾಗ, ತಂದೆ ಸತ್ತ ಹುಡುಗನೊಬ್ಬ ಮನೆಯವರಿಗೆಲ್ಲ ತಾನೇ ಆಸರೆಯಾಗುತ್ತೇನೆ ಎನ್ನುವ ಪ್ರಸಂಗ ಬಂತು. ಮಿಲ್ ಅತ್ತುಬಿಟ್ಟರು. ಒಳಗೆ ಎಲ್ಲವೂ ಸತ್ತಿಲ್ಲ ಎಂದು ಗೊತ್ತಾದದ್ದು ಆ ಕಣ್ಣೀರಿನಿಂದ. 1828ರಲ್ಲಿ ವರ್ಡ್ಸ್‌ವರ್ತ್‌ನ ಕವಿತೆಗಳನ್ನು ಓದಿದಾಗ ಮದ್ದು ಸಿಕ್ಕಿತು ಎಂದು ಆತ್ಮಕತೆಯಲ್ಲಿ ಬರೆದುಕೊಂಡರು.

ಓದಿನಿಂದ ಮಾಡುವ ಈ ಚಿಕಿತ್ಸೆಗೆ ಇಂಗ್ಲಿಷಿನಲ್ಲಿ ಹೆಸರಿಟ್ಟವರು ಅಮೆರಿಕದ ಸ್ಯಾಮ್ಯುಯೆಲ್ ಕ್ರೋದರ್ಸ್, 1916ರ ಒಂದು ಲಘು ಪ್ರಬಂಧದಲ್ಲಿ. ಹೆಸರಿಗಿಂತ ಕೆಲಸ ದೊಡ್ಡದು. ಆ ಕೆಲಸ ಮಾಡಿದವರು ಸೇಡಿ ಪೀಟರ್ಸನ್ ಡೆಲಾನಿ. 1924ರಲ್ಲಿ ಅವರು ಅಲಬಾಮಾದ ಟಸ್ಕೀಗೀಯಲ್ಲಿ ಕಪ್ಪು ಸೈನಿಕರ ಆಸ್ಪತ್ರೆಗೆ ಗ್ರಂಥಪಾಲಕಿಯಾಗಿ ಬಂದಾಗ ಅಲ್ಲಿದ್ದದ್ದು 200 ಪುಸ್ತಕ. ಯುದ್ಧದಿಂದ ಮನಸ್ಸು ಮುರಿದು ಬಂದವರ ಹಾಸಿಗೆಯ ಹತ್ತಿರ ಹೋಗಿ ಕೂತು, ಯಾರಿಗೆ ಏನು ಬೇಕೆಂದು ತಿಳಿದು, ಅದನ್ನೇ ತಂದುಕೊಟ್ಟರು. ಕಣ್ಣು ಕಳೆದುಕೊಂಡವರಿಗೆ ಬ್ರೈಲ್ ಕಲಿಸಿದರು. ಈ ಕತೆಯಲ್ಲಿ ನನಗೆ ಎಲ್ಲರಿಗಿಂತ ಹತ್ತಿರದವರು ಇವರೇ.

ಇತ್ತ ನಮ್ಮ ಬೀದರಿಗೂ ಪುಸ್ತಕ ಹೊಸದಲ್ಲ. ಬಹಮನಿ ಸುಲ್ತಾನರ ಮಂತ್ರಿ ಮಹಮೂದ್ ಗವಾನ 1472ರಲ್ಲಿ ಕಟ್ಟಿಸಿದ ಮದರಸಾದಲ್ಲಿ 3000 ಹಸ್ತಪ್ರತಿಗಳಿದ್ದವು ಎನ್ನುತ್ತಾರೆ. ಅದು ವಿದ್ವಾಂಸರ ಅರಬ್ಬಿ, ಪಾರಸಿಯ ಭಂಡಾರ. ಗೋಡೆಗೆ ಒರಗಿ ಕೂತ ಹೆಂಗಸಿನ ಮಾತು ಕನ್ನಡ, ಆ ಕನ್ನಡಕ್ಕೆ ನಿಜಾಮರ ಕಾಲದ ಶಾಲೆಯಲ್ಲೂ ಜಾಗವಿರಲಿಲ್ಲ. ಕಮಲನಗರದಲ್ಲಿ ಹುಟ್ಟಿ ಭಾಲ್ಕಿ ಹಿರೇಮಠದ ಪಟ್ಟಕ್ಕೆ ಬಂದ ಚನ್ನಬಸವ ಪಟ್ಟದ್ದೇವರು ಆಗ ಒಂದು ಉಪಾಯ ಮಾಡಿದರು: ಹೊರಗೆ ಉರ್ದು ಬೋರ್ಡು, ಒಳಗೆ ಕನ್ನಡ ಪಾಠ. ತಪಾಸಣೆಗೆ ಬಂದವರ ಕಣ್ಣಿಗೆ ಬೋರ್ಡು, ಮಕ್ಕಳ ಕೈಗೆ ಕನ್ನಡ ಅಕ್ಷರ. ದೋಷ ಉರ್ದುವಿನದಲ್ಲ. ಆ ಮನೆಮಾತಿನವರಿಗೆ ಗಜಲ್ ಇದೆ, ಮರಾಠಿಯವರಿಗೆ ಅಭಂಗ ಇದೆ. ಮನುಷ್ಯ ಯಾವ ಭಾಷೆಯಲ್ಲಿ ಅಳುತ್ತಾನೋ ಆ ಭಾಷೆಯ ಪದ್ಯವೇ ಅವನ ಎದೆಗೆ ಇಳಿಯುವುದು. ಪಟ್ಟದ್ದೇವರು ಶಾಲೆ ನಡೆಸಿದರು, ಚಿಕಿತ್ಸೆಯನ್ನಲ್ಲ. ಆದರೂ ವಚನವನ್ನು ತಾನೇ ಓದಿಕೊಂಡು ಸಮಾಧಾನ ಪಡೆಯುವ ಬಾಗಿಲು ನಮ್ಮವರಿಗೆ ತೆರೆದದ್ದು ಅಂಥ ಶಾಲೆಯಲ್ಲೇ ಎಂದು ನಾನು ನಂಬಿದ್ದೇನೆ.

ಮನೆಯಲ್ಲಿ ಯಾರಾದರೂ ಬಹಳ ದಿನದಿಂದ ಮಾತಿಲ್ಲದೆ ಕೂತಿದ್ದರೆ ಪಕ್ಕದಲ್ಲಿ ಕೂತು ಒಂದು ಪುಟ ಗಟ್ಟಿಯಾಗಿ ಓದಿರಿ. ಉಪದೇಶದ ಪುಸ್ತಕ ಬೇಡ, ಕತೆ ಇರಲಿ, ಪದ್ಯ ಇರಲಿ. ವಾರಗಟ್ಟಲೆ ನಿದ್ದೆ ಇಲ್ಲ, ಊಟ ಸೇರುತ್ತಿಲ್ಲ, ಸಾಯುವ ಮಾತು ಬರುತ್ತಿದೆ ಎಂದಾದರೆ ಪುಸ್ತಕವೊಂದನ್ನೇ ನೆಚ್ಚಬೇಡಿ, ಡಾಕ್ಟರ ಹತ್ತಿರ ಕರೆದೊಯ್ಯಿರಿ. ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.