ಪ್ರಯೋಗಶಾಲೆಯ ಪಶುವೈದ್ಯರು

ಪಶುವೈದ್ಯರೆಂದರೆ ದನಕರುಗಳಿಗೆ ಮದ್ದು ಕೊಡುವವರು, ನಾಯಿಗಳಿಗೆ ಸೂಜಿ ಚುಚ್ಚುವವರು ಎಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಆದರೆ ಪ್ರಯೋಗಶಾಲೆಗಳಲ್ಲಿ ಸಾಕಿರುವ ಇಲಿ, ಮೊಲ, ಗಿನಿಹಂದಿಗಳ ಯೋಗಕ್ಷೇಮಕ್ಕಾಗಿಯೇ ವಿಶೇಷ ಶಿಕ್ಷಣ ಪಡೆದ ಪಶುವೈದ್ಯರೂ ಇದ್ದಾರೆ. ನಾವು ಸೇವಿಸುವ ಔಷಧಗಳಲ್ಲಿಯೂ ಹಾಕಿಸಿಕೊಳ್ಳುವ ಲಸಿಕೆಗಳಲ್ಲಿಯೂ ಹೆಚ್ಚಿನವು ಮೊದಲು ಪ್ರಾಣಿಗಳ ಮೇಲೆ ಪರೀಕ್ಷಿತವಾದುವು. ಆ ಮೂಕಜೀವಿಗಳ ಋಣ ನಮ್ಮೆಲ್ಲರ ಮೇಲಿದೆ. ಆದುದರಿಂದ ಅವುಗಳನ್ನು ಕಾಯುವವರ ವಿಚಾರವನ್ನು ಅರಿಯುವುದು ಉಚಿತ.

ನಮ್ಮ ದೇಶದಲ್ಲಿ ಪಶುವೈದ್ಯ ಪದವಿಗೆ ಐದೂವರೆ ವರ್ಷಗಳ ವ್ಯಾಸಂಗ. ಇಷ್ಟು ಕಲಿತವರಿಗೆ ಮತ್ತೇಕೆ ಶಿಕ್ಷಣವೆಂದು ನೀವು ಕೇಳಬಹುದು. ರೋಗ ಬಂದ ಎಮ್ಮೆ ಮೇವು ಬಿಡುತ್ತದೆ. ಪೆಟ್ಟಾದ ನಾಯಿ ಕುಂಯ್‌ಗುಡುತ್ತದೆ. ಇಲಿಯಾದರೋ ಬೆಕ್ಕು, ಹದ್ದುಗಳಿಗೆ ಆಹಾರವಾಗುವ ಪ್ರಾಣಿ. ನೋವನ್ನು ಬಚ್ಚಿಡುವುದೇ ಅದರ ಸ್ವಭಾವ. 2010ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ಸಂಶೋಧಕರು ಇಲಿಯ ಮುಖಚರ್ಯೆಯಿಂದಲೇ ಅದರ ನೋವನ್ನು ಅಳೆಯುವ ಕ್ರಮವನ್ನು ಪ್ರಕಟಿಸಿದರು. ಕಣ್ಣು ಕಿರಿದಾಗುವುದು, ಮೂಗೂ ಕೆನ್ನೆಯೂ ಉಬ್ಬುವುದು, ಕಿವಿ ಮತ್ತು ಮೀಸೆಗಳ ನಿಲುವು ಬದಲಾಗುವುದು, ಇವೇ ಆ ಐದು ಲಕ್ಷಣಗಳು. ಬಾಲ ಹಿಡಿದೆತ್ತಿದ ಇಲಿ ಬೆದರುವುದೆಂದೂ, ಕೊಳವೆಯಲ್ಲಿಯೋ ಬೊಗಸೆಯಲ್ಲಿಯೋ ಎತ್ತಿದ ಇಲಿ ಅಷ್ಟು ಅಂಜುವುದಿಲ್ಲವೆಂದೂ ಅದೇ ವರ್ಷ ಇಂಗ್ಲೆಂಡಿನ ಲಿವರ್‌ಪೂಲಿನ ಸಂಶೋಧಕರು ತೋರಿಸಿಕೊಟ್ಟರು.

ಇದು ಬರಿಯ ಕರುಣೆಯ ಮಾತಲ್ಲ. ಬೆದರಿದ ಪ್ರಾಣಿಯ ಹೃದಯದ ಬಡಿತ ಬೇರೆ, ರಕ್ತದ ಗುಣ ಬೇರೆ. ಅದರಿಂದ ದೊರೆತ ಫಲಿತಾಂಶವನ್ನು ನಂಬುವಂತಿಲ್ಲ. ಇಲ್ಲಿ ದಯೆಯೂ ಸತ್ಯವೂ ಒಂದೇ ದಾರಿಯಲ್ಲಿ ನಡೆಯುತ್ತವೆ. 1959ರಲ್ಲಿ ರಸೆಲ್ ಮತ್ತು ಬರ್ಚ್ ಎಂಬ ಇಂಗ್ಲಿಷ್ ವಿದ್ವಾಂಸರು ಮೂರು ಸೂತ್ರಗಳನ್ನು ಮುಂದಿಟ್ಟರು: ಪ್ರಾಣಿಗೆ ಬದಲಿ ಇದ್ದರೆ ಅದನ್ನೇ ಬಳಸುವುದು, ಪ್ರಾಣಿಗಳ ಸಂಖ್ಯೆಯನ್ನು ತಗ್ಗಿಸುವುದು, ನೋವನ್ನು ಕಡಿಮೆ ಮಾಡುವಂತೆ ವಿಧಾನವನ್ನು ತಿದ್ದುವುದು.

ಈ ವಿದ್ಯೆಗೆ ಅಮೆರಿಕದಲ್ಲಿ 1957ರಲ್ಲಿಯೇ ತಜ್ಞರ ಮಂಡಲಿಯೊಂದು ಹುಟ್ಟಿತು, ಯೂರೋಪಿನಲ್ಲಿ 2000ದಲ್ಲಿ. ಪದವಿಯ ಬಳಿಕ ಹಲವು ವರ್ಷ ಅನುಭವಿಗಳ ಕೈಕೆಳಗೆ ದುಡಿದು, ಸಂಶೋಧನ ಲೇಖನವನ್ನು ಪ್ರಕಟಿಸಿ, ಕಠಿಣ ಪರೀಕ್ಷೆಯಲ್ಲಿ ತೇರ್ಗಡೆಯಾದವರಿಗೇ ತಜ್ಞರೆಂಬ ಮನ್ನಣೆ. ಅರಿವಳಿಕೆ, ನೋವುಶಮನ, ಪ್ರಾಣಿಗಳ ವಸತಿ, ರೋಗನಿವಾರಣೆ, ಕಾನೂನು, ಇವೆಲ್ಲವೂ ಅವರ ಪಾಠಗಳು.

ಪ್ರಯೋಗ ಮುಗಿದ ಮೇಲೆ ಬಹುಪಾಲು ಪ್ರಾಣಿಗಳು ಬದುಕುಳಿಯುವುದಿಲ್ಲ, ಇದನ್ನು ಮರೆಮಾಚಲಾಗದು. ಅದಕ್ಕಾಗಿಯೇ "ಈ ಪ್ರಾಣಿ ಅನುಭವಿಸಿದ್ದು ಸಾಕು, ಇಲ್ಲಿಗೆ ನಿಲ್ಲಿಸಿ" ಎಂದು ಹೇಳಬಲ್ಲವರೊಬ್ಬರು ಅಲ್ಲಿರಬೇಕು. ಬ್ರಿಟನ್ನಿನಲ್ಲಿ 1986ರ ಕಾನೂನು ಪ್ರತಿ ಪ್ರಯೋಗಸಂಸ್ಥೆಗೂ ಗೊತ್ತಾದ ಪಶುವೈದ್ಯರಿರಬೇಕೆಂದು ವಿಧಿಸಿತು. ನಮ್ಮಲ್ಲಿಯೂ ಸಂಸ್ಥೆಗಳ ಪ್ರಾಣಿನೀತಿ ಸಮಿತಿಯಲ್ಲಿ ಪಶುವೈದ್ಯರಿಗೆ ಸ್ಥಾನವಿದೆ. ಅದಕ್ಕೆ ಆಧಾರ 1960ರ ಪ್ರಾಣಿಹಿಂಸಾ ನಿವಾರಣ ಕಾಯಿದೆ.

ವಿದ್ಯಾರ್ಥಿಗಳೇ, ನಮ್ಮ ಮುಂಬಯಿಯ ಪರೇಲಿನಲ್ಲಿ 1886ರಲ್ಲಿ ಸ್ಥಾಪಿತವಾದ ಪಶುವೈದ್ಯ ಕಾಲೇಜು ಇದೆ. ಜೀವಶಾಸ್ತ್ರದಲ್ಲಿ ಆಸಕ್ತಿಯುಳ್ಳವರಿಗೆ ಈ ದಾರಿಯ ಮೊದಲ ಮೆಟ್ಟಿಲು ದೂರದಲ್ಲಿಲ್ಲ. ಮಾತು ಬಾರದ ಜೀವಿಯ ಪರವಾಗಿ ಮಾತಾಡುವ ವಿದ್ಯೆ ನಿಮ್ಮಲ್ಲಿ ಕೆಲವರಿಗಾದರೂ ಒಲಿಯಲಿ.