ಭತ್ತ ಕೊಯ್ದ ಗದ್ದೆಯಲ್ಲಿ ಕ್ರಾಫಿಶ್ ಸುಗ್ಗಿ

ಭತ್ತ ಕೊಯ್ದ ಗದ್ದೆಗೆ ಮತ್ತೆ ನೀರು ಕಟ್ಟಿ, ಅದರಲ್ಲಿ ದೋಣಿ ಬಿಡೋದನ್ನ ಎಲ್ಲಾದ್ರೂ ನೋಡಿದ್ದೀರಾ? ಅಮೆರಿಕದ ದಕ್ಷಿಣ ತುದಿಯ ಲೂಸಿಯಾನಾದಲ್ಲಿ ಚಳಿಗಾಲ ಬಂತೆಂದರೆ ಇದು ಮಾಮೂಲಿ ನೋಟ. ದೋಣಿಯ ಹಿಂದಿರುವ ಕಬ್ಬಿಣದ ಚಕ್ರ ಕೆಸರನ್ನು ಕಚ್ಚಿ ದೋಣಿಯನ್ನು ಮುಂದಕ್ಕೆ ತಳ್ಳುತ್ತದೆ. ರೈತ ಸಾಲಾಗಿ ನಿಲ್ಲಿಸಿದ ತಂತಿಬಲೆಯ ಗೂಡುಗಳನ್ನು ಒಂದೊಂದಾಗಿ ಎತ್ತಿ, ಒಳಗಿರುವುದನ್ನು ಸುರಿದುಕೊಂಡು, ಹೊಸ ಎರೆ ಹಾಕಿ ಮತ್ತೆ ಇಡುತ್ತಾ ಹೋಗುತ್ತಾನೆ. ಸಿಗೋದು ಕ್ರಾಫಿಶ್.

ಹೆಸರಲ್ಲಿ ಫಿಶ್ ಇದ್ದರೂ ಇದು ಮೀನಲ್ಲ. ಸಿಗಡಿ, ಏಡಿಗಳ ಬಳಗದ್ದು; ಸಿಹಿನೀರಿನ ಪುಟಾಣಿ ಲಾಬ್‌ಸ್ಟರ್ ಅನ್ನಿ. ಭಾರತದ ಹೊಳೆ, ಕೆರೆಗಳಲ್ಲಿ ಇದರ ಮೂಲ ತಳಿ ಯಾವುದೂ ಇಲ್ಲ. ಹಾಗಾಗಿ ನಮಗೆ ಅಪರಿಚಿತ.

ಅಲ್ಲಿನ ಬೇಸಾಯದ ಲೆಕ್ಕಾಚಾರ ಮಾತ್ರ ನಮ್ಮ ರೈತರಿಗೂ ಥಟ್ಟನೆ ಅರ್ಥವಾಗುವಂಥದ್ದು. ಮಾರ್ಚ್-ಏಪ್ರಿಲ್‌ನಲ್ಲಿ ಭತ್ತ ಬಿತ್ತುತ್ತಾರೆ. ಪೈರು ಎದ್ದ ಮೇಲೆ ನೀರು ನಿಂತ ಗದ್ದೆಗೆ ಎಕರೆಗೆ ಸುಮಾರು 25 ಕಿಲೋ ದೊಡ್ಡ ಕ್ರಾಫಿಶ್ ಬಿಡುತ್ತಾರೆ. ಕೊಯ್ಲಿಗೆ ಮುನ್ನ ನೀರು ಬಸಿದಾಗ ಅವು ಮಣ್ಣು ಕೊರೆದು ಬಿಲ ಸೇರುತ್ತವೆ, ಬಾಯಿಗೆ ಕೆಸರು ಮೆತ್ತಿಕೊಳ್ಳುತ್ತವೆ. ಮೇಲೆ ಯಂತ್ರ ಓಡಿ ಭತ್ತ ಕೊಯ್ಯುತ್ತಿದ್ದರೆ, ಕೆಳಗೆ ತಾಯಿ ಬಾಲದಡಿ ಮೊಟ್ಟೆ ಕಟ್ಟಿಕೊಂಡು ಕಾದಿರುತ್ತದೆ! ಅಕ್ಟೋಬರ್ ಹೊತ್ತಿಗೆ ನೀರು ಬಿಟ್ಟರೆ ಮರಿಗಳನ್ನು ಅಂಟಿಸಿಕೊಂಡೇ ಹೊರಬರುತ್ತದೆ. ಭತ್ತದ ಕೂಳೆ ಚಿಗುರಿ, ಕೊಳೆತು, ಅದರಲ್ಲಿ ಹುಟ್ಟುವ ಹುಳುಹುಪ್ಪಟೆಯೇ ಮರಿಗಳ ಮೇವು. ಬೇರೆ ಆಹಾರ ಕೊಳ್ಳುವ ಖರ್ಚಿಲ್ಲ. ಎರೆ, ಡೀಸೆಲ್, ಕೂಲಿ, ನೀರು ಅಷ್ಟೇ. ಅದೇನು ಕಡಿಮೆಯೇ ಅನ್ನಬೇಡಿ, ಹಿಡಿಯುವ ಕೆಲಸ ಮೇ-ಜೂನ್‌ವರೆಗೂ ನಡೆಯುತ್ತದೆ.

ಇಡೀ ಲೆಕ್ಕ ನಿಂತಿರೋದು ಆ ಬಿಲದ ತೇವದ ಮೇಲೆ. 2023ರ ಬೇಸಿಗೆಯಲ್ಲಿ ಲೂಸಿಯಾನಾಕ್ಕೆ ಭೀಕರ ಬರ ಬಂತು. ನೆಲ ಬಿರಿಯಿತು, ಬಿಲದೊಳಗಿದ್ದ ತಾಯಂದಿರು ಒಣಗಿ ಸತ್ತವು. ಇದು ಮೇಲಿನಿಂದ ಕಾಣುವ ನಷ್ಟವಲ್ಲ. ನೀರು ಕಟ್ಟಿ, ಗೂಡು ಇಟ್ಟು, ದುಡ್ಡು ಸುರಿದ ಮೇಲೆಯೇ ಗೂಡು ಖಾಲಿ ಅಂತ ಗೊತ್ತಾಗೋದು. ಮರುವರ್ಷ ಬೆಲೆ ಗಗನಕ್ಕೇರಿತು, ಮಾರೋಕೆ ಮಾಲೇ ಇಲ್ಲ. 2024ರ ಮಾರ್ಚ್‌ನಲ್ಲಿ ಅಲ್ಲಿನ ಗವರ್ನರ್ ಜೆಫ್ ಲ್ಯಾಂಡ್ರಿ ಇದನ್ನು ವಿಪತ್ತು ಎಂದೇ ಘೋಷಿಸಬೇಕಾಯಿತು.

ಹೊತ್ತು ಕೂಡ ಕೆಟ್ಟದ್ದು. ಈಸ್ಟರ್‌ಗೆ ಮುಂಚಿನ ವ್ರತದ ದಿನಗಳಲ್ಲಿ ಕ್ಯಾಥೊಲಿಕರು ಶುಕ್ರವಾರ ಮಾಂಸ ಮುಟ್ಟುವುದಿಲ್ಲ, ಕ್ರಾಫಿಶ್‌ಗೆ ಅಡ್ಡಿಯಿಲ್ಲ. ಕೆನಡಾದ ಕಡಲತೀರದಿಂದ 1755ರಿಂದ ಹೊರದಬ್ಬಿಸಿಕೊಂಡು ಬಂದ ಫ್ರೆಂಚ್ ಮೂಲದ ಕೇಜನ್ ಜನರಿಗೆ ಅದು ಮನೆಯ ಊಟ. ಬ್ರೋ ಬ್ರಿಡ್ಜ್ ಎಂಬ ಪುಟ್ಟ ಊರನ್ನು 1959ರಲ್ಲೇ 'ಜಗತ್ತಿನ ಕ್ರಾಫಿಶ್ ರಾಜಧಾನಿ' ಅಂತ ಕರೆದರು. ದೊಡ್ಡ ಹಂಡೆಯಲ್ಲಿ ಉಪ್ಪು, ಖಾರ, ನಿಂಬೆ, ಬೆಳ್ಳುಳ್ಳಿ, ಆಲೂಗಡ್ಡೆ, ಜೋಳದ ತೆನೆ ಜೊತೆ ಬೇಯಿಸಿ, ಕಾಗದ ಹಾಸಿದ ಮೇಜಿನ ಮೇಲೆ ಸುರಿದರೆ ಮನೆಮಂದಿ, ನೆರೆಹೊರೆ ಎಲ್ಲ ಸುತ್ತ ನಿಂತು ತಿನ್ನೋದೇ. ಈರುಳ್ಳಿ, ದಪ್ಪ ಮೆಣಸಿನಕಾಯಿ, ಬೆಣ್ಣೆ ಹಾಕಿ ಮಾಡುವ 'ಎಟೂಫೆ' ಅನ್ನೋ ಗೊಜ್ಜಿಗೆ ಬಿಸಿ ಅನ್ನವೇ ಬೇಕು.

ಪೋಷಕಾಂಶದಲ್ಲಿ ಮೋಸವಿಲ್ಲ. ಬೇಯಿಸಿದ 100 ಗ್ರಾಂ ಮಾಂಸದಲ್ಲಿ ಸುಮಾರು 17 ಗ್ರಾಂ ಪ್ರೋಟೀನ್, ಕೊಬ್ಬು ಒಂದು ಗ್ರಾಂ ಚಿಲ್ಲರೆ, 85 ಕ್ಯಾಲೊರಿ ಆಸುಪಾಸು. ಬಿ12 ಚೆನ್ನಾಗಿಯೇ ಇದೆ. ಕೊಲೆಸ್ಟರಾಲ್ ಮಾತ್ರ 130 ಮಿಲಿಗ್ರಾಂ ದಾಟುತ್ತದೆ. ಹಂಡೆಯ ಉಪ್ಪು, ಗೊಜ್ಜಿನ ಬೆಣ್ಣೆ ಈ ಲೆಕ್ಕಕ್ಕೆ ಸೇರಿಲ್ಲ, ನೆನಪಿರಲಿ! ಸಿಗಡಿ ತಿಂದರೆ ಮೈ ಕಡಿಯುವವರು ಇದರಿಂದಲೂ ದೂರ ಇರಬೇಕು. ಇನ್ನು, ತಿನ್ನೋದು ಮುಖ್ಯವಾಗಿ ಬಾಲದ ಮಾಂಸ. ಒಂದು ಕಿಲೋ ಮಾಂಸ ಬೇಕಾದರೆ ಆರೇಳು ಕಿಲೋ ಕ್ರಾಫಿಶ್ ಸುಲಿಯಬೇಕು.