ರಿಯೋ ಎನ್ ಮೆದಿಯೋದ ಮರಗಳು, ರೂಪನಗುಡಿಯ ಎರೆ ನೆಲ

ಬಳ್ಳಾರಿ ಬಿಟ್ಟು ರೂಪನಗುಡಿಯ ದಾರಿ ಹಿಡಿದರೆ ಬಂಡೆಗುಡ್ಡಗಳು ಹಿಂದೆ ಸರಿದು ಎರೆ ನೆಲ ತೆರೆದುಕೊಳ್ಳುತ್ತದೆ. ಸುಗ್ಗಿಯ ದಿನಗಳಲ್ಲಿ ಒಂದು ಹೊಲದಲ್ಲಿ ಹತ್ತಿ ಒಡೆದಿರುತ್ತದೆ, ಮಗ್ಗುಲಲ್ಲೇ ಮೆಣಸಿನಕಾಯಿ ಹರವಿರುತ್ತಾರೆ. ಗಾಳಿ ಎದ್ದರೆ ಬಸ್ಸಿನೊಳಗೆ ಕೂತವರೂ ಸೀನುತ್ತಾರೆ. ಕೂಲಿಗೆ ಹೊರಟ ಗಾಡಿಗಳಲ್ಲಿ ಹೆಂಗಸರ ನಡುವೆ ಹದಿನಾಲ್ಕು ಹದಿನೈದರ ಎಳೆ ಮುಖಗಳೂ ಇರುತ್ತವೆ. ಅದೇ ಹೊತ್ತಿಗೆ ಶಾಲೆಯ ಹಾಜರಿ ಪುಸ್ತಕದಲ್ಲಿ ಆ ಹೆಸರುಗಳ ಮುಂದೆ ಗೈರು ಬೀಳುತ್ತಿರುತ್ತದೆ. ಕನ್ನಡದಲ್ಲಿ ಶುರುವಾದ ಮಾತು ತೆಲುಗಿಗೆ ಹೊರಳಿ, ಮತ್ತೆ ಕನ್ನಡಕ್ಕೆ ಬರುವ ಸೀಮೆ ಇದು. 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವತನಕ ಮದರಾಸಿನ ಆಡಳಿತದಲ್ಲಿತ್ತು. ಇಂಗ್ಲಿಷೂ ಇಲ್ಲಿಗೆ ನಿನ್ನೆ ಮೊನ್ನೆ ಬಂದದ್ದಲ್ಲ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದದ್ದು 1810ರಲ್ಲಿ. ಅದೇ ಮಿಷನ್ನಿನ ವಿಲಿಯಂ ರೀವ್ ಅವರ ಕನ್ನಡ–ಇಂಗ್ಲಿಷ್ ನಿಘಂಟು ಅಚ್ಚಾದದ್ದು 1832ರಲ್ಲಿ. ಆದರೂ ಹಳ್ಳಿಯ ಮಕ್ಕಳಿಗೆ ಇಂಗ್ಲಿಷು ಇವತ್ತಿಗೂ ಪರೀಕ್ಷೆಯ ಭಾಷೆ.

ಹತ್ತನೇ ತರಗತಿಯ ಕೋಣೆಯಲ್ಲಿ ಕರಿಹಲಗೆಯ ತುಂಬ ಒಂದಂಕದ ಪ್ರಶ್ನೆಗಳು. ಬೆಂಚಿನ ಮೇಲೆ ಪಠ್ಯಪುಸ್ತಕಕ್ಕಿಂತ ಹೆಚ್ಚು ಮಾಸಿದ ಗೈಡು, ಪಕ್ಕದಲ್ಲಿ ಪಾಸಿಂಗ್ ಪ್ಯಾಕೇಜಿನ ಜೆರಾಕ್ಸ್ ಹಾಳೆಗಳು. ಆ ಪಠ್ಯಪುಸ್ತಕವನ್ನೇ ಒಮ್ಮೆ ನಿಧಾನವಾಗಿ ತಿರುವಿ ನೋಡಬೇಕು. ಎಂಟನೇ ವಯಸ್ಸಿಗೆ ಕಿವಿ ಕಳೆದುಕೊಂಡು ಬಣ್ಣಗಳ ಕಡೆಗೆ ತಿರುಗಿದ ಸತೀಶ್ ಗುಜ್ರಾಲ್ ಅದರಲ್ಲಿದ್ದಾರೆ. ಸವೆದ ಬೂಟಿನೊಳಗೆ ಕಾಗದ ತುರುಕಿಕೊಂಡು ಸ್ಯಾಕ್ಸೊಫೋನ್ ನುಡಿಸುವ ಕಪ್ಪು ಮನುಷ್ಯನಿದ್ದಾನೆ. ಅಂಬೇಡ್ಕರ್ ಇದ್ದಾರೆ. ಧಾರವಾಡದಲ್ಲಿ ಹುಟ್ಟಿದ, ಶ್ರೀರಂಗರ ಮಗಳು ಶಶಿ ದೇಶಪಾಂಡೆಯವರು ಬರೆದ, ಚಲೇಜಾವ್ ಕಾಲದ ಮಕ್ಕಳಿದ್ದಾರೆ. ಮುಂಬಯಿಯ ರೈಲು ಹಳಿಯ ಮೇಲೆ ಬಿದ್ದ ಹುಡುಗಿಯನ್ನು ಉಳಿಸಿದ, ಓದು ಅರ್ಧಕ್ಕೆ ಬಿಟ್ಟು ದುಡಿಯಲು ಬಂದ ಹುಡುಗನೂ ಇದ್ದಾನೆ. ಹತ್ತಿ ಬಿಡಿಸಲು ಹೋಗಿ ಮೂರು ದಿನದ ಮೇಲೆ ಶಾಲೆಗೆ ಬಂದವನು ಈ ಹುಡುಗನನ್ನು ಗುರುತು ಹಿಡಿಯಲಾರನೇ?

ನನಗೆ ಎಲ್ಲಕ್ಕಿಂತ ಹೆಚ್ಚು ಕಾಡುವುದು ಹುವಾನ್ ಸೆದಿಯೊ ಬರೆದ ರಿಯೋ ಎನ್ ಮೆದಿಯೋದ ಮುದುಕ. ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ ಸ್ಪ್ಯಾನಿಷ್ ಮಾತಾಡುವ ಹಳ್ಳಿಯ ಡಾನ್ ಅನ್ಸೆಲ್ಮೊ ತನ್ನ ಜಮೀನು ಮಾರುತ್ತಾನೆ. ಅಳೆದು ನೋಡಿದರೆ ನೆಲ ಅಂದುಕೊಂಡದ್ದಕ್ಕಿಂತ ಹೆಚ್ಚಿರುತ್ತದೆ. ಹೆಚ್ಚಿನ ಹಣ ಕೊಡಲು ಬಂದರೂ ಅವನು ಮುಟ್ಟುವುದಿಲ್ಲ. ಆಡಿದ ಮಾತಿನ ಬೆಲೆಯಷ್ಟೇ ಸಾಕು. ಆದರೆ ತೋಟದ ಮರಗಳನ್ನು ಮಾತ್ರ ತಾನು ಮಾರಿಲ್ಲ ಎನ್ನುತ್ತಾನೆ. ಊರಲ್ಲಿ ಮಗು ಹುಟ್ಟಿದಾಗಲೆಲ್ಲ ಒಂದೊಂದು ಸಸಿ ನೆಟ್ಟವನು ಅವನು. ಮರಗಳು ಆ ಮಕ್ಕಳ ಸೊತ್ತು. ಕೊಂಡವರು ಒಬ್ಬೊಬ್ಬರಿಂದ ಒಂದೊಂದೇ ಮರ ಕೊಳ್ಳಬೇಕಾಗುತ್ತದೆ.

ಮೇಡಂ ಪುಸ್ತಕ ಮಡಚಿಟ್ಟು, 'ನಿಮ್ಮ ಬದುವಿನ ಮೇಲಿನ ಬೇವು ಯಾರದ್ದು?' ಎಂದು ಕೇಳಲಿ, ಆಮೇಲೆ ತರಗತಿ ನೋಡಬೇಕು. 'ಗಿಡ ಬ್ಯಾರೆ, ನೆಲ ಬ್ಯಾರೆ ಹೆಂಗಾಗ್ತೈತೆ ಮೇಡಂ?' ಎಂದು ಒಬ್ಬನಾದರೂ ಜಗಳಕ್ಕೆ ಬಂದೇ ಬರುತ್ತಾನೆ. ಕುಡತಿನಿಯ ಸುತ್ತ ಉಕ್ಕಿನ ಕಾರ್ಖಾನೆಗಳಿಗೆಂದು ಜಮೀನು ಕೊಟ್ಟ ರೈತರು ಬೆಲೆಗಾಗಿ ಧರಣಿ ಕೂತ ಜಿಲ್ಲೆ ಇದು. ನೆಲ, ಬೆಲೆ, ಆಡಿದ ಮಾತು ಇವೆಲ್ಲ ಈ ಮಕ್ಕಳು ಮನೆಯಲ್ಲಿ ಊಟದ ಹೊತ್ತಿಗೆ ಕೇಳುವ ಸಂಗತಿಗಳು. ಜಗಳ ಕನ್ನಡದಲ್ಲಾಗಲಿ, ತೆಲುಗಿನಲ್ಲಾಗಲಿ. ಆಮೇಲೆ ಅದನ್ನೇ ನಾಲ್ಕು ಸಾಲು ಇಂಗ್ಲಿಷಿನಲ್ಲಿ ಬರೆಸಬಹುದು. ಹೇಳುವುದಕ್ಕೊಂದು ವಿಷಯ ಸಿಕ್ಕವರಿಗೆ ವಾಕ್ಯ ತಡವಾಗಿಯಾದರೂ ಸಿಗುತ್ತದೆ.

ಇದಕ್ಕೆ ಮೇಷ್ಟ್ರನ್ನು ತಯಾರು ಮಾಡುವವರು ಯಾರು? ಬಿ.ಇಡಿ. 2015ರಿಂದ ಎರಡು ವರ್ಷದ್ದಾಗಿದೆ; ಪಾಠಯೋಜನೆ, ನೀಲನಕ್ಷೆ ಎಲ್ಲ ಕಲಿಯುತ್ತಾರೆ. 1963ರಲ್ಲಿ ಶುರುವಾದ ಬೆಂಗಳೂರಿನ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಮೂವತ್ತು ದಿನಗಳ ತರಬೇತಿ ಕೊಡುತ್ತದೆ. ಎಲ್ಲವೂ ಬೇಕು. ಅದರ ಜೊತೆಗೆ ಶಿಕ್ಷಕರು ಹರೆಯದವರ ಕತೆಗಳನ್ನು ತಾವೇ ಮೊದಲು ಓದಿ, ತಮ್ಮೊಳಗೆ ವಾದ ಮಾಡಿರಬೇಕು. ಹೈದರಾಬಾದಿನ ಅನ್ವೇಷಿ ಸಂಸ್ಥೆ 2008ರಲ್ಲಿ ತಂದ 'ಡಿಫರೆಂಟ್ ಟೇಲ್ಸ್' ಮಾಲೆಯಲ್ಲಿ ತೆಲುಗಿನ ಖದೀರ್ ಬಾಬು, ಗೋಗು ಶ್ಯಾಮಲಾ ಅವರ ಕತೆಗಳು ಇಂಗ್ಲಿಷಿನಲ್ಲೇ ಇವೆ. ಅರವಿಂದ ಮಾಲಗತ್ತಿಯವರ ದಲಿತ ಆತ್ಮಕತೆ 'ಗೌರ್ಮೆಂಟ್ ಬ್ರಾಹ್ಮಣ' 2007ರಲ್ಲಿ ಇಂಗ್ಲಿಷಿಗೆ ಬಂತು. ತೆಲುಗು, ಕನ್ನಡ ಎರಡೂ ಬಲ್ಲ ಬಳ್ಳಾರಿಯ ಮಕ್ಕಳಿಗೆ ಇವು ಲಂಡನ್ನಿಗಿಂತ ಹತ್ತಿರದವು.

ಇಲ್ಲೇ ಕಷ್ಟದ ಜಾಗವೂ ಇದೆ. ಮಾಲಗತ್ತಿಯವರ ಬಾಲ್ಯದ ಪುಟ ಓದುವಾಗ ತರಗತಿಯ ಕಣ್ಣುಗಳೆಲ್ಲ ಕೇರಿಯಿಂದ ಬಂದ ಹುಡುಗನ ಕಡೆಗೆ ತಿರುಗಬಹುದು. ಬೇವಿನ ಮರದ ಪ್ರಶ್ನೆಯನ್ನು ಎಲ್ಲರಿಗೂ ಕೇಳಬಹುದು. 'ನಿಮ್ಮ ಓಣಿಯಲ್ಲೂ ಹೀಗೇನಾ?' ಎಂದು ಅವನೊಬ್ಬನನ್ನು ಕೇಳಿದರೆ ಅದು ಬೆರಳು ತೋರಿಸಿದಂತೆ. ಅವನಾಗಿ ಹೇಳಿದರೆ ಕೇಳಬೇಕು, ಹೇಳದಿದ್ದರೆ ಬಿಡಬೇಕು. ಪ್ರಶ್ನೆ ಇರಬೇಕಾದದ್ದು ಕತೆಯೊಳಗಿನ ಮೇಷ್ಟ್ರ ಮೇಲೆ, ಕತೆಯೊಳಗಿನ ಊರಿನ ಮೇಲೆ: ಅವರು ಯಾಕೆ ಹಾಗೆ ನಡೆದುಕೊಂಡರು, ನಾವು ಅಲ್ಲಿದ್ದಿದ್ದರೆ ಎಲ್ಲಿ ನಿಲ್ಲುತ್ತಿದ್ದೆವು? ಮಾತು ತಪ್ಪಿ ಯಾರೋ ನಕ್ಕರೆ ಶಿಕ್ಷಕರು ಏನು ಹೇಳಬೇಕು ಎಂಬುದನ್ನು ಯಾವ ಗೈಡೂ ಬರೆದಿಟ್ಟಿಲ್ಲ. ಅದನ್ನು ಮಕ್ಕಳ ಎದುರು ಮೊದಲ ಸಲ ಕಲಿಯುವುದು ಮಕ್ಕಳಿಗೆ ಅನ್ಯಾಯ.

ಕಲಿಯಲು ಜಾಗವಂತೂ ಇದೆ. ಇಂಗ್ಲಿಷ್ ವಿಷಯ ಶಿಕ್ಷಕರ ವೇದಿಕೆಯ ಸಭೆಗಳಲ್ಲಿ ಸಿರುಗುಪ್ಪ, ಕುರುಗೋಡಿನ ಕಡೆಯವರು ಒಂದೊಂದು ಕತೆ ಓದಿಕೊಂಡು ಬರಲಿ. ಅರ್ಧ ಗಂಟೆ ಫಲಿತಾಂಶದ ಲೆಕ್ಕ, ಉಳಿದದ್ದು ಆ ಕತೆಗೆ. ಒಬ್ಬರು ಪಾಠ ಮಾಡಲಿ, ಉಳಿದವರು ಹದಿನೈದರ ಮಕ್ಕಳಾಗಿ ಕೂತು ಅಡ್ಡಪ್ರಶ್ನೆ ಹಾಕಲಿ. ಮೊದಲ ಸಭೆಗೆ ಡಾನ್ ಅನ್ಸೆಲ್ಮೊನೇ ಸಾಕು. ಅವನು ಈಗಾಗಲೇ ಎಲ್ಲರ ಚೀಲದಲ್ಲಿದ್ದಾನೆ.